ವೈಶಾಲಿ ಕಾಸರವಳ್ಳಿ: ಮನೆಯನ್ನು ನಂಬಿಸಿದ ಕಲೆ

ಕಥೆಯ ನಾಯಕ ನಾಯಕಿಯರ ಸುತ್ತ ನಿಂತು, ಅವರ ಬಾಳಿಗೆ ಮನೆ, ಬೀದಿ, ನೆಂಟರಿಷ್ಟರೆಂಬ ನೆಲೆಯನ್ನು ಒದಗಿಸುವ ಪಾತ್ರಗಳನ್ನು ಕನ್ನಡ ರಂಗಭೂಮಿ ಮತ್ತು ಚಿತ್ರರಂಗಗಳು ಪೋಷಕ ಪಾತ್ರಗಳೆಂದು ಕರೆಯುತ್ತ ಬಂದಿವೆ. ತಾಯಿ, ಅತ್ತೆ, ತವರಿಗೆ ಮರಳಿದ ಸೋದರತ್ತೆ, ಪಕ್ಕದ ಮನೆಯಾಕೆ ಮುಂತಾದ ಈ ಪಾತ್ರಗಳಿಗೆ ಎರಡೂವರೆ ಗಂಟೆಯ ಚಲನಚಿತ್ರದಲ್ಲಿ ದೊರೆಯುವ ಜಾಗ ಕಡಿಮೆ. ಆದರೆ ಮನೆಯ ನಡುಮನೆಯಲ್ಲೇ ಕೂತು ನೋಡುವ ಕಿರುತೆರೆಯಲ್ಲಿ, ತಿಂಗಳುಗಟ್ಟಲೆ ಸಾಗುವ ಧಾರಾವಾಹಿಯಲ್ಲಿ, ಕಥೆಯ ಭಾರವನ್ನು ದಿನದಿನವೂ ಹೊರುವವರು ಇವರೇ. ಬ್ರಿಟನ್ನಿನಲ್ಲಿ 1960ರ ಡಿಸೆಂಬರಿನಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ‘ಕಾರೊನೇಷನ್ ಸ್ಟ್ರೀಟ್’ ಧಾರಾವಾಹಿಯಲ್ಲಿ ಎನಾ ಶಾರ್ಪಲ್ಸ್ ಎಂಬ ವಯಸ್ಸಾದ ಹೆಂಗಸಿನ ಪಾತ್ರವನ್ನು 1980ರವರೆಗೆ ನಿರ್ವಹಿಸಿದ ವಯೊಲೆಟ್ ಕಾರ್ಸನ್ ಎಂಬ ನಟಿ, ನಾಯಕಿಯ ಪಟ್ಟವಿಲ್ಲದೆಯೂ ಆ ದೇಶದ ಮನೆಮನೆಗೆ ಪರಿಚಿತಳಾದದ್ದು ಈ ಕಾರಣದಿಂದಲೇ. ಕನ್ನಡದಲ್ಲಿ ಇಂಥ ನಟಿಯರ ಸಾಲು ದೊಡ್ಡದಾಗಿದ್ದರೂ ಅವರ ಕಲೆಯನ್ನು ಕಲೆಯೆಂದು ಪರಿಗಣಿಸಿ ಬರೆದ ಬರಹಗಳು ವಿರಳವಾಗಿವೆ. ಈ ಉಪನ್ಯಾಸ ಆ ಸಾಲಿನ ಒಬ್ಬರನ್ನು, ನಟಿಯಾಗಿ ಆರಂಭಿಸಿ ವಸ್ತ್ರವಿನ್ಯಾಸಕಿಯಾಗಿ, ಕೊನೆಗೆ ಧಾರಾವಾಹಿಯ ನಿರ್ದೇಶಕಿಯಾಗಿ ಬೆಳೆದ ವೈಶಾಲಿ ಕಾಸರವಳ್ಳಿಯವರನ್ನು (1952–2010) ಕುರಿತದ್ದು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸಭಿಕರ ಮುಂದೆ ಕಲಬುರಗಿಯಲ್ಲಿ ಹುಟ್ಟಿದ ಕಲಾವಿದೆಯೊಬ್ಬರ ವಿಷಯವನ್ನು ಇಡುವುದಕ್ಕೆ ಸಕಾರಣವಿದೆ. ಅವರನ್ನು ಇಡೀ ದೇಶದ ನೋಡುಗರು ಗುರುತಿಸುವಂತೆ ಮಾಡಿದ ಪಾತ್ರ ಮೂಡಿಬಂದದ್ದು ಶೃಂಗೇರಿಯಿಂದ ಬೇಗಾರಿನ ದಾರಿ ಹಿಡಿದರೆ ಮೂವತ್ತು ಕಿಲೋಮೀಟರಿನೊಳಗೇ ಸಿಗುವ ಆಗುಂಬೆಯಲ್ಲಿ. ಅವರು ಸೊಸೆಯಾಗಿ ಬಂದದ್ದು ಕೊಪ್ಪಕ್ಕೆ ನೆರೆಯಾದ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಮನೆತನಕ್ಕೆ. ಗಡಿಯ ಗೆರೆಗಳ ಪ್ರಕಾರ ಈ ಎರಡೂ ಊರುಗಳು ಶಿವಮೊಗ್ಗ ಜಿಲ್ಲೆಗೆ ಸೇರಿದವಾದರೂ ಮಳೆ, ಅಡಿಕೆ ತೋಟ, ಹಂಚಿನ ಮನೆ, ತುಂಗೆಯ ನೀರು ಇವುಗಳ ದೃಷ್ಟಿಯಿಂದ ಇವು ಈ ಮೂರು ತಾಲ್ಲೂಕುಗಳ ಬದುಕಿಗೆ ಹೊರಗಿನವಲ್ಲ.

ವೈಶಾಲಿಯವರು ಹುಟ್ಟಿದ್ದು 1952ರ ಏಪ್ರಿಲ್ 12ರಂದು. ಆಗ ಗುಲಬರ್ಗಾ ಎಂದೇ ಕರೆಯಲ್ಪಡುತ್ತಿದ್ದ ಆ ಊರು ಹೈದರಾಬಾದ್ ರಾಜ್ಯದಲ್ಲಿತ್ತು; ನಿಜಾಮನ ಆಳ್ವಿಕೆ ಕೊನೆಗೊಂಡು ಕೇವಲ ಮೂರೂವರೆ ವರ್ಷಗಳಾಗಿದ್ದವು, ಅದು ಕನ್ನಡನಾಡಿನೊಡನೆ ಒಂದಾಗಲು 1956ರ ನವೆಂಬರಿನವರೆಗೆ ಕಾಯಬೇಕಿತ್ತು. ಕನ್ನಡ, ಉರ್ದು, ಮರಾಠಿ, ತೆಲುಗುಗಳು ಒಂದೇ ಪೇಟೆಯಲ್ಲಿ ಕಿವಿಗೆ ಬೀಳುವ ಅಂಥ ಊರಿನ ಸೀಮೆಯಿಂದ ಬಂದವರಿಗೆ, ಮಾತಿನ ಒಂದೊಂದು ಬಗೆಗೂ ಒಂದೊಂದು ನಡೆ, ಒಂದೊಂದು ಉಡುಗೆ, ಒಂದೊಂದು ಮನೆಯ ರೀತಿ ಅಂಟಿಕೊಂಡಿರುತ್ತದೆಂಬ ತಿಳಿವಳಿಕೆಯನ್ನು ಯಾರೂ ಪಾಠ ಹೇಳಿ ಕಲಿಸಬೇಕಾಗಿರುವುದಿಲ್ಲ. ವೈಶಾಲಿಯವರ ಮುಂದಿನ ಕೆಲಸದಲ್ಲೆಲ್ಲ ಕಾಣುವ ಬಹುಮುಖ್ಯ ಗುಣ ಇದೇ ಎಂದು ಧೈರ್ಯವಾಗಿ ಹೇಳಬಹುದು.

ಅವರು ಅಭಿನಯ ಕಲಿತದ್ದು ಹವ್ಯಾಸಿ ರಂಗಭೂಮಿಯಲ್ಲಿ. ನಾಟಕವೇ ಜೀವನೋಪಾಯವಾಗಿದ್ದ, ಊರೂರಿಗೆ ಹೋಗಿ ಡೇರೆ ಹಾಕಿ ಟಿಕೆಟ್ಟು ಮಾರಿ ಆಡುತ್ತಿದ್ದ ವೃತ್ತಿ ಕಂಪನಿಗಳಿಗೆ ಭಿನ್ನವಾಗಿ, ಬೇರೆ ಉದ್ಯೋಗ ಅಥವಾ ಓದು ಇರುವವರು ಸಂಜೆಯ ಹೊತ್ತು ಕೂಡಿ ತಾಲೀಮು ನಡೆಸಿ ಆಡುವ ನಾಟಕಗಳ ಪರಂಪರೆಗೆ ಹವ್ಯಾಸಿ ರಂಗಭೂಮಿ ಎಂದು ಹೆಸರು. ಬೆಂಗಳೂರಿನಲ್ಲಿ ಈ ಪರಂಪರೆ 1970ರ ದಶಕದಲ್ಲಿ ಪಡೆದ ಚೈತನ್ಯ ಅಸಾಧಾರಣವಾದದ್ದು. 1972ರಲ್ಲಿ ಬಿ. ವಿ. ಕಾರಂತರು ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ನಾಟಕಗಳನ್ನು ಬಯಲಿನಲ್ಲಿ ಆಡಿಸಿದ ಮೇಲೆ, ನಟರ ದೇಹ, ಧ್ವನಿ, ಗುಂಪಿನ ಚಲನೆಗಳೇ ರಂಗಸಜ್ಜಿಕೆಯ ಕೆಲಸ ಮಾಡಬಲ್ಲವೆಂಬ ನಂಬಿಕೆ ಒಂದು ಇಡೀ ಪೀಳಿಗೆಗೆ ಬಂತು. ಗುಂಪಿನ ನಡುವೆ ನಿಂತವರೂ ಪೂರ್ಣ ಎಚ್ಚರದಲ್ಲಿರಬೇಕು, ತನ್ನ ಮಾತು ಇಲ್ಲದಾಗ ಇನ್ನೊಬ್ಬರ ಮಾತನ್ನು ನಿಜವಾಗಿ ಕೇಳಿಸಿಕೊಳ್ಳಬೇಕು ಎಂಬುದು ಆ ರಂಗಭೂಮಿಯ ಶಿಸ್ತು. ಕಿರುತೆರೆಗೆ ಬಂದ ಹವ್ಯಾಸಿ ಕಲಾವಿದರಲ್ಲಿ ಈ ಕೇಳಿಸಿಕೊಳ್ಳುವ ಶಕ್ತಿ ಎದ್ದು ಕಾಣುತ್ತದೆ. ಕ್ಯಾಮೆರಾ ಮಾತಾಡುವವರ ಮುಖದಿಂದ ಕೇಳುವವರ ಮುಖಕ್ಕೆ ತಿರುಗುವ ರಿಯಾಕ್ಷನ್ ಶಾಟ್ ಎಂಬ ತುಣುಕುಗಳಲ್ಲಿ ಅವರು ಎಂದೂ ಖಾಲಿಯಾಗಿ ಕಾಣುವುದಿಲ್ಲ.

ಚಲನಚಿತ್ರಗಳಲ್ಲಿ ವೈಶಾಲಿಯವರು ಹೆಚ್ಚಾಗಿ ಪೋಷಕ ಪಾತ್ರಗಳನ್ನೇ ಮಾಡಿದರು. ಗಿರೀಶ ಕಾಸರವಳ್ಳಿಯವರು ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಓದಿ ಬಂದು, ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿ 1977ರಲ್ಲಿ ನಿರ್ದೇಶಿಸಿದ ‘ಘಟಶ್ರಾದ್ಧ’ಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಬಂದಿತ್ತು. ಅವರೊಡನೆ ನಡೆದ ವಿವಾಹ ವೈಶಾಲಿಯವರ ಬದುಕನ್ನು ಮಲೆನಾಡಿಗೆ ಬೆಸೆಯಿತು. ಗಿರೀಶರ ‘ಆಕ್ರಮಣ’ ಚಿತ್ರದಲ್ಲಿ ಅವರು ನಟಿಸಿದರು. ಹೆಸರಾಂತ ನಿರ್ದೇಶಕರೊಬ್ಬರ ಪತ್ನಿಯೆಂಬ ಪರಿಚಯ ಅವರ ಸ್ವಂತ ಸಾಧನೆಯನ್ನು ಬಹುಕಾಲ ಮರೆಮಾಡಿದ್ದು ಅನ್ಯಾಯವೇ ಸರಿ, ಏಕೆಂದರೆ ಮುಂದೆ ವಿವರಿಸಲಿರುವಂತೆ ಅವರು ಕಿರುತೆರೆಯಲ್ಲಿ ತೋರಿದ ದಾರಿ ಗಿರೀಶರ ಸಿನಿಮಾದ ದಾರಿಗಿಂತ ಬೇರೆಯದು.

ಭಾರತದಲ್ಲಿ ಧಾರಾವಾಹಿಯ ಯುಗ ನಿಜವಾಗಿ ಆರಂಭವಾದದ್ದು 1984ರ ಜುಲೈಯಲ್ಲಿ ದೂರದರ್ಶನ ‘ಹಮ್ ಲೋಗ್’ ಪ್ರಸಾರ ಮಾಡತೊಡಗಿದಾಗ. ಸರಕಾರಿ ವಾಹಿನಿಯೇ ಹೊರಗಿನ ನಿರ್ಮಾಪಕರಿಂದ, ಜಾಹೀರಾತುದಾರರ ಪ್ರಾಯೋಜಕತ್ವದಲ್ಲಿ, ಧಾರಾವಾಹಿಗಳನ್ನು ಮಾಡಿಸುವ ಏರ್ಪಾಡು ಅದರ ಹಿಂದೆಯೇ ಬಲಗೊಂಡಿತು. ಆ ಏರ್ಪಾಡಿನಲ್ಲಿ ನಿರ್ಮಾಪಕ ಟಿ. ಎಸ್. ನರಸಿಂಹನ್ ಮತ್ತು ನಿರ್ದೇಶಕ ಶಂಕರನಾಗ್ ಅವರು ಆರ್. ಕೆ. ನಾರಾಯಣರ ಕಥೆಗಳನ್ನು ಎತ್ತಿಕೊಂಡು ‘ಮಾಲ್ಗುಡಿ ಡೇಸ್’ ಸರಣಿಯನ್ನು ರೂಪಿಸಿದರು. ನಾರಾಯಣರು ಎಲ್ಲೂ ಗುರುತು ಹಾಕದ ಆ ಕಲ್ಪಿತ ಊರಿಗೆ ಶಂಕರನಾಗ್ ಆರಿಸಿಕೊಂಡದ್ದು ಆಗುಂಬೆಯನ್ನು. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಚಿತ್ರೀಕರಣಕ್ಕೆ ಇಳಿಯುವುದು ಸಾಹಸವೇ ಆಗಿತ್ತು. ಆದರೆ ಒಂದೇ ಉದ್ದನೆಯ ಬೀದಿ, ಎರಡೂ ಕಡೆ ಇಳಿಜಾರು ಮಾಡಿನ ಹಂಚಿನ ಮನೆಗಳು, ಮುಂದೆ ಜಗಲಿ, ಒಳಗೆ ಮರದ ಕಂಬಗಳ ನಡುಮನೆ ಇವೆಲ್ಲ ಅಲ್ಲಿ ಸಿದ್ಧವಾಗಿಯೇ ಇದ್ದವು. ಕಲಾ ನಿರ್ದೇಶಕ ಜಾನ್ ದೇವರಾಜ್ ಅವರ ಕೈಯಲ್ಲಿ ಅದೇ ಬೀದಿ ಮಾಲ್ಗುಡಿಯಾಯಿತು. ನಾರಾಯಣರ ತಮ್ಮ ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ ಅವರ ಸಂಗೀತ ಸರಣಿಗೆ ಅಚ್ಚಳಿಯದ ಗುರುತು ಕೊಟ್ಟವು.

ಈ ಸರಣಿಯಲ್ಲಿ 1935ರ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಆಧರಿಸಿದ ಕಂತುಗಳಲ್ಲಿ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ ನಟಿಸಿದರು. ಇದೇ ಕಾರ್ನಾಡರು 1970ರ ‘ಸಂಸ್ಕಾರ’ದಲ್ಲಿ ಶೃಂಗೇರಿ ಬಳಿಯ ವೈಕುಂಠಪುರದ ಅಗ್ರಹಾರದಲ್ಲಿ ಪ್ರಾಣೇಶಾಚಾರ್ಯನಾಗಿ ನಡೆದಾಡಿದ್ದರೆಂಬುದನ್ನು ನೆನೆದರೆ, ಭಾರತದ ದೃಶ್ಯಮಾಧ್ಯಮದ ಎರಡು ಬೇರೆ ಬೇರೆ ಆರಂಭಗಳಿಗೆ ಈ ಒಂದೇ ಸೀಮೆಯ ಅಂಗಳಗಳು ಆಸರೆಯಾದವೆಂಬುದು ಹೆಮ್ಮೆಯ ಮಾತು.

ಸ್ವಾಮಿಯ ತಾಯಿಯ ಪಾತ್ರ ಎಷ್ಟು ಕಷ್ಟದ್ದೆಂಬುದು ಕಾದಂಬರಿಯನ್ನು ಓದಿದಾಗ ತಿಳಿಯುತ್ತದೆ. ನಾರಾಯಣರು ಆಕೆಗೆ ಮಾತು ಕೊಟ್ಟಿರುವುದೇ ಅಲ್ಪ. ಮನೆಯಲ್ಲಿ ಗದರುವ ಅಧಿಕಾರ ವಕೀಲನಾದ ತಂದೆಯದು, ಕಥೆ ಹೇಳುವ, ಹೇಳಿಸಿಕೊಳ್ಳುವ ಸಲಿಗೆ ಅಜ್ಜಿಯದು, ಹೊರಗಿನ ಲೋಕವೆಲ್ಲ ಗೆಳೆಯರಾದ ಮಣಿ, ರಾಜಂ ಅವರದು. ಇವರೆಲ್ಲರ ನಡುವೆ ತಾಯಿಗೆ ಉಳಿಯುವುದು ಅಡುಗೆಮನೆಯಿಂದ ನಡುಮನೆಗೆ ಬರುವ ದಾರಿ, ಎರಡನೆಯ ಮಗುವಿನ ಬಾಣಂತನ, ಮತ್ತು ಗಂಡನಿಗೂ ಮಗನಿಗೂ ನಡುವೆ ನಿಂತು ಒಬ್ಬರ ಸಿಟ್ಟು ಇನ್ನೊಬ್ಬರ ಮೇಲೆ ಪೂರ್ತಿ ಬೀಳದಂತೆ ತಡೆಯುವ ಕೆಲಸ. ರಜೆಯ ದಿನ ಮಗನನ್ನು ಕೂರಿಸಿಕೊಂಡು ಮಾವಿನಹಣ್ಣಿನ ಲೆಕ್ಕ ಹಾಕಿಸುವ ತಂದೆ, ಹಣ್ಣು ಮಾಗಿವೆಯೋ ಇಲ್ಲವೋ ಎಂದು ಕೇಳುವ ಮಗ ಇವರ ಪ್ರಸಂಗ ಲೋಕಪ್ರಸಿದ್ಧ. ಆದರೆ ಅದು ನಗೆ ಬರಿಸಬೇಕಾದರೆ, ಆ ಮನೆಯಲ್ಲಿ ತಂದೆಯ ಗದರಿಕೆ ನಿಜವಾದ ಅಪಾಯವಲ್ಲವೆಂಬ ಭರವಸೆ ನೋಡುಗರಿಗೆ ಮೊದಲೇ ಬಂದಿರಬೇಕು. ಆ ಭರವಸೆಯನ್ನು ಮೂಡಿಸುವುದು ತಾಯಿಯ ಇರವು. ಕಾದಂಬರಿಯ ಕೊನೆಯಲ್ಲಿ ಸ್ವಾಮಿ ಮನೆ ಬಿಟ್ಟು ಓಡಿಹೋಗಿ, ತಂದೆ ಹೊಳೆಯ ದಡ, ರೈಲುಹಳಿಗಳ ಕಡೆ ಹುಡುಕುತ್ತ ಅಲೆಯುವಾಗ, ಹಿಂದಿನ ಭಾಗಗಳಲ್ಲಿ ತಾಯಿ ಸುಮ್ಮನೆ ಓಡಾಡಿಕೊಂಡಿದ್ದ ಮನೆ ಬರಿದಾಗಿ ಕಾಣಬೇಕು. ಅದಕ್ಕೆ ಬೇಕಾದ ಸಿದ್ಧತೆಯೆಲ್ಲ ಮೊದಲಿನ ಆ ಮಾತಿಲ್ಲದ ಓಡಾಟದಲ್ಲೇ ನಡೆದಿರುತ್ತದೆ.

ವೈಶಾಲಿಯವರ ಅಭಿನಯದ ಹಿರಿಮೆ ಇರುವುದು ಅದರ ಮಿತಿಯಲ್ಲಿ. ಸಿನಿಮಾದ ತಾಯಂದಿರು ಆ ಕಾಲಕ್ಕೆ ಕಣ್ಣೀರಿನ, ತ್ಯಾಗದ ಮಾತಿನ ರೂಢಿಗೆ ಒಗ್ಗಿಹೋಗಿದ್ದರು. ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟಬೇಕೆಂಬ ರಂಗಭೂಮಿಯ ಹಳೆಯ ಅಗತ್ಯ ಆ ರೂಢಿಯ ಹಿಂದೆ ಇತ್ತು. ಕಿರುತೆರೆಯ ಪೆಟ್ಟಿಗೆ ನೋಡುಗನಿಂದ ನಾಲ್ಕು ಮಾರು ದೂರದಲ್ಲಿ, ಅವನದೇ ಮನೆಯಲ್ಲಿ, ಅವನದೇ ತಾಯಿಯೋ ಹೆಂಡತಿಯೋ ಕೆಲಸ ಮಾಡುತ್ತಿರುವ ಮನೆಯಲ್ಲಿ ಇರುತ್ತದೆ. ತೆರೆಯ ಮೇಲಿನ ತಾಯಿ ಸ್ವಲ್ಪ ಹೆಚ್ಚಾಗಿ ನಟಿಸಿದರೂ ಪಕ್ಕದಲ್ಲೇ ಇರುವ ನಿಜವಾದ ತಾಯಿಯ ಮುಂದೆ ಸುಳ್ಳಾಗಿಬಿಡುತ್ತಾಳೆ. ಈ ಸತ್ಯವನ್ನು ಆರಂಭದ ವರ್ಷಗಳಲ್ಲೇ ಅರಿತು ಧ್ವನಿಯನ್ನು ತಗ್ಗಿಸಿ, ಕೈಗೆ ಸದಾ ಒಂದು ಮನೆಗೆಲಸವನ್ನು ಕೊಟ್ಟು, ಕಣ್ಣಿನಲ್ಲಿ ಮಾತ್ರ ಭಾವವನ್ನು ಉಳಿಸಿಕೊಂಡ ಕೆಲವೇ ಕಲಾವಿದೆಯರಲ್ಲಿ ವೈಶಾಲಿ ಒಬ್ಬರು. ಸರಣಿ ಹಿಂದಿಯಲ್ಲಿ ಪ್ರಸಾರವಾಗಿ ದೇಶದ ಎಲ್ಲ ಮೂಲೆಗಳನ್ನು ತಲುಪಿದರೂ, ಆಕೆ ಉಟ್ಟ, ನಡೆದ, ಬಾಗಿಲಲ್ಲಿ ನಿಂತ ರೀತಿಯಲ್ಲಿ ದಕ್ಷಿಣದ ಒಂದು ಸಣ್ಣ ಊರಿನ ಮನೆಯಿತ್ತು.

ಆ ಕಂತುಗಳು ಪ್ರಸಾರವಾದ 1986–87ರ ಅವಧಿಯಲ್ಲಿ ಮಲೆನಾಡಿನ ಮನೆಗಳಿಗೆ ಟಿ.ವಿ. ಇನ್ನೂ ಅಪರೂಪದ ವಸ್ತು. ಪ್ರಸಾರ ಗೋಪುರದಿಂದ ಹೊರಡುವ ಟಿ.ವಿ. ಅಲೆಗಳು ಸಾಮಾನ್ಯವಾಗಿ ನೇರ ದಾರಿಯಲ್ಲಿ ಸಾಗುವುದರಿಂದ ನಡುವೆ ಗುಡ್ಡ ಅಡ್ಡವಾದರೆ ಆಚೆಯ ಕಣಿವೆಗೆ ಚಿತ್ರ ಸಿಗುವುದಿಲ್ಲ. ಕಡಿಮೆ ಸಾಮರ್ಥ್ಯದ ಮರುಪ್ರಸಾರ ಕೇಂದ್ರಗಳ ವ್ಯಾಪ್ತಿ ಬಯಲಿನಲ್ಲೇ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಹೀಗಾಗಿ ಆಗುಂಬೆಯಲ್ಲಿ ತೆಗೆದ ಚಿತ್ರವನ್ನು ದಿಲ್ಲಿ, ಲಖನೌಗಳವರು ನಿಚ್ಚಳವಾಗಿ ನೋಡುತ್ತಿದ್ದಾಗ, ಆಗುಂಬೆಯ ಸುತ್ತಲಿನ ಕಣಿವೆಗಳವರು ಎತ್ತರದ ಗಳುವಿಗೆ ಕಟ್ಟಿದ ಆಂಟೆನಾ ತಿರುಗಿಸುತ್ತ ಹರಳುಹರಳಾದ ಚಿತ್ರವನ್ನು ಹಿಡಿಯಲು ಒದ್ದಾಡಬೇಕಾಗಿತ್ತು. ಈ ಸ್ಥಿತಿ ಪೂರ್ತಿ ಬದಲಾದದ್ದು ಉಪಗ್ರಹ ವಾಹಿನಿಗಳು ಬಂದಮೇಲೆ: ಆಕಾಶದಿಂದ ನೇರವಾಗಿ ಇಳಿಯುವ ಅಲೆಗೆ ಗುಡ್ಡದ ಅಡ್ಡಿಯಿಲ್ಲ. 1994ರಲ್ಲಿ ಉದಯ ಟಿವಿ, 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಆರಂಭವಾದ ಬಳಿಕ, ಕೊಪ್ಪದ ಒಳಹಳ್ಳಿಗಳಲ್ಲಿಯೂ ಭದ್ರೆಯ ಹಿನ್ನೀರಿನ ಅಂಚಿನ ನರಸಿಂಹರಾಜಪುರದ ಮನೆಗಳಲ್ಲಿಯೂ ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ದೊಡ್ಡ ಡಿಶ್ ನಿಂತಿತು.

ಗಿರೀಶ ಕಾಸರವಳ್ಳಿಯವರ 2008ರ ‘ಗುಲಾಬಿ ಟಾಕೀಸ್’ ಈ ಡಿಶ್ಶಿನ ಆಗಮನವನ್ನೇ ವಸ್ತುವಾಗಿಸಿಕೊಂಡ ಚಿತ್ರ. ವೈದೇಹಿಯವರ ಕಥೆಯನ್ನಾಧರಿಸಿದ ಅದರಲ್ಲಿ ಕರಾವಳಿಯ ಸೂಲಗಿತ್ತಿಯೊಬ್ಬಳ ಮನೆಗೆ ಡಿಶ್ ಸಮೇತ ಟಿ.ವಿ. ಬಂದು, ಅಕ್ಕಪಕ್ಕದ ಹೆಂಗಸರಿಗೆ ಕೂಡುವ ಜಾಗವೊಂದು ದೊರೆಯುತ್ತದೆ. ಆ ಪಾತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಉಮಾಶ್ರೀಯವರೂ ರಂಗಭೂಮಿಯಿಂದ ಬಂದು, ವರ್ಷಗಟ್ಟಲೆ ಪೋಷಕ ಪಾತ್ರಗಳನ್ನು ಮಾಡಿ ಮೇಲೆ ಬಂದವರೆಂಬುದನ್ನು ಇಲ್ಲಿ ಗಮನಿಸಬೇಕು.

ಡಿಶ್ಶಿನ ಈ ಕಾಲಕ್ಕೆ ಬರುವ ಹೊತ್ತಿಗೆ ವೈಶಾಲಿಯವರು ಇನ್ನೊಂದು ಕಲೆಯಲ್ಲಿ ಪಳಗಿದ್ದರು. ಪಾತ್ರಗಳ ಕಾಲ, ಪ್ರದೇಶ, ಜಾತಿ, ಆರ್ಥಿಕ ಸ್ಥಿತಿ, ವಯಸ್ಸುಗಳಿಗೆ ಒಪ್ಪುವ ಉಡುಪನ್ನು ಆರಿಸಿ, ಅದು ಕಥೆಯುದ್ದಕ್ಕೂ ಹಳತಾಗುವ, ಬದಲಾಗುವ ಕ್ರಮವನ್ನು ಯೋಜಿಸುವುದಕ್ಕೆ ವಸ್ತ್ರವಿನ್ಯಾಸವೆಂದು ಹೆಸರು. ರಂ. ಶಾ. ಲೋಕಾಪುರ ಅವರ ಕಾದಂಬರಿಯನ್ನಾಧರಿಸಿ ಜಯಮಾಲಾ ಅವರು ನಿರ್ಮಿಸಿ ಮುಖ್ಯ ಪಾತ್ರದಲ್ಲಿ ನಟಿಸಿದ, ಗಿರೀಶರು ನಿರ್ದೇಶಿಸಿದ ‘ತಾಯಿಸಾಹೇಬ’ (1997) ಚಿತ್ರಕ್ಕೆ ಸ್ವರ್ಣಕಮಲ ಬಂದಾಗ, ಅದರ ವಸ್ತ್ರವಿನ್ಯಾಸಕ್ಕಾಗಿ ವೈಶಾಲಿಯವರಿಗೂ, ಕಲಾ ನಿರ್ದೇಶನಕ್ಕಾಗಿ ರಮೇಶ ದೇಸಾಯಿಯವರಿಗೂ ರಾಷ್ಟ್ರಪ್ರಶಸ್ತಿಗಳು ಬಂದವು. ಸ್ವಾತಂತ್ರ್ಯ ಹೋರಾಟದಲ್ಲಿ ಮುಳುಗಿದ ಗಂಡ, ವಾಡೆಯೊಳಗೆ ಉಳಿದ ಹೆಂಡತಿ, ಸ್ವಾತಂತ್ರ್ಯಾನಂತರ ಕಾನೂನುಗಳು ಬದಲಾಗುತ್ತಿದ್ದಂತೆ ಕಗ್ಗಂಟಾಗುವ ದತ್ತಕ ಸಂಬಂಧ ಇವು ಅದರ ವಸ್ತು. ವಾಡೆ ಎಂದರೆ ಉತ್ತರ ಕರ್ನಾಟಕದ ದೇಸಾಯಿ, ಇನಾಮದಾರರ ದಪ್ಪ ಗೋಡೆಯ, ಒಳ ಅಂಗಳವುಳ್ಳ ದೊಡ್ಡ ಮನೆ; ಮಲೆನಾಡಿನ ಚೌಕಿಮನೆಗೆ ಹೋಲಿಕೆಯಿದ್ದರೂ ಅದು ಮಳೆಗಿಂತ ಬಿಸಿಲನ್ನು ಎದುರಿಸಲು ಕಟ್ಟಿದ್ದು.

ಇಂಥ ಕಥೆಯಲ್ಲಿ ಕಾಲ ಸರಿದದ್ದನ್ನು ಬಟ್ಟೆಯೇ ಹೇಳಬೇಕು. ಇಳಕಲ್ ಸೀರೆಯ ವಿಷಯವನ್ನೇ ನೋಡಬಹುದು. ಅದರ ಒಡಲಿನ ಹಾಸನ್ನು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲನ್ನು, ಸೆರಗಿನ ರೇಷ್ಮೆ ಹಾಸಿಗೆ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಕೆಂಪು ಬಿಳಿಯ ತೋಪು ತೆನೆಯ ಸೆರಗು, ದಡಿಯ ಅಗಲ, ಒಡಲು ಹತ್ತಿಯದೋ ರೇಷ್ಮೆಯದೋ ಎಂಬುದು, ಅದರ ಜೊತೆಗೆ ತೊಡುವ ಗುಳೇದಗುಡ್ಡದ ಖಣದ ಕುಪ್ಪಸ, ಇವೆಲ್ಲ ಉಟ್ಟವಳ ಮನೆತನವನ್ನೂ ಆ ದಿನದ ಸಂದರ್ಭವನ್ನೂ ಬಲ್ಲವರಿಗೆ ಒಂದೇ ನೋಟಕ್ಕೆ ತಿಳಿಸಿಬಿಡುತ್ತವೆ. ಇಂಥ ಸೂಕ್ಷ್ಮವನ್ನು ಪುಸ್ತಕದಿಂದ ಕಲಿತು ಹೊಂದಿಸಬಹುದಾದರೂ ಸೆರಗು ಹೊದೆಯುವ, ನಿರಿಗೆ ಸಿಕ್ಕಿಸುವ, ಕೆಲಸಕ್ಕೆ ನಿಂತಾಗ ಸೀರೆಯನ್ನು ಎತ್ತಿ ಕಟ್ಟುವ ರೀತಿಯನ್ನು ನಟಿಯೊಬ್ಬಳು ಮಾತ್ರ ಇನ್ನೊಬ್ಬ ನಟಿಗೆ ಮೈಯಿಂದ ಮೈಗೆ ದಾಟಿಸಬಲ್ಲಳು. ವೈಶಾಲಿಯವರಿಗೆ ವಸ್ತ್ರವಿನ್ಯಾಸ ಅಭಿನಯದ ಮುಂದುವರಿಕೆಯೇ ಆಗಿತ್ತು: ಮಾತಿಲ್ಲದ ತಾಯಿಯ ಪಾತ್ರದಲ್ಲಿ ಮನೆಯ ಅಸ್ತಿತ್ವವನ್ನು ನಂಬಿಸಿದ ಅದೇ ಗಮನ ಇಲ್ಲಿ ನೂಲಿನ ಮೇಲೆ ಕೆಲಸ ಮಾಡಿತು.

ಈ ಎರಡು ಅನುಭವಗಳು ಕೂಡಿದ್ದು ಈಟಿವಿ ಕನ್ನಡಕ್ಕಾಗಿ ಅವರು ನಿರ್ದೇಶಿಸಿದ ‘ಮೂಡಲಮನೆ’ಯಲ್ಲಿ. ಬೇಂದ್ರೆಯವರ ‘ಬೆಳಗು’ ಕವಿತೆಯನ್ನು ನೆನಪಿಗೆ ತರುವ ಹೆಸರಿನ ಈ ಧಾರಾವಾಹಿಯ ಬದುಕು ಉತ್ತರ ಕರ್ನಾಟಕದ ಕೂಡುಕುಟುಂಬದ್ದು, ಆಡುಮಾತೂ ಅಲ್ಲಿಯದೇ. ಅಲ್ಲಿಯವರೆಗೆ ಕನ್ನಡ ಧಾರಾವಾಹಿಗಳ ಮಾತು ಬಹುಮಟ್ಟಿಗೆ ಬೆಂಗಳೂರು, ಮೈಸೂರುಗಳ ಮಧ್ಯಮವರ್ಗದ ಕನ್ನಡವಾಗಿತ್ತು, ಉತ್ತರದ ಕನ್ನಡ ಕೇಳಿದರೆ ಅದು ನಗಿಸುವ ಪಾತ್ರದ ಬಾಯಲ್ಲೇ ಹೆಚ್ಚು. ಪ್ರೀತಿ, ಸಿಟ್ಟು, ಆಸ್ತಿಯ ಜಗಳ, ಸಾವಿನ ದುಃಖ ಎಲ್ಲವನ್ನೂ ಆ ಮಾತಿನಲ್ಲೇ ಹೇಳಿಸಿ, ರಾಜ್ಯದ ಎಲ್ಲ ಕಡೆಯವರೂ ದಿನವೂ ಕೂತು ಕೇಳುವಂತೆ ಮಾಡಿದ್ದು ಸಾಮಾನ್ಯ ಸಾಧನೆಯಲ್ಲ. ಮಲೆನಾಡಿನ ನೋಡುಗರು ಪಡಸಾಲಿ, ಅಡಗಿಮನಿ, ಕಟ್ಟಿಗಳ ಲೋಕವನ್ನು ಹೀಗೆ ತಮ್ಮ ಜಗಲಿಯಲ್ಲಿ ಕೂತು ಪರಿಚಯಿಸಿಕೊಂಡರು. ಮಾಲ್ಗುಡಿಯ ಕಂತುಗಳಲ್ಲಿ ಕಲಬುರಗಿಯ ಮಗಳು ಮಲೆನಾಡಿನ ಮನೆಯೊಳಗೆ ಓಡಾಡಿದ್ದರು. ‘ಮೂಡಲಮನೆ’ಯಲ್ಲಿ ಮಲೆನಾಡಿನ ಸೊಸೆ ಬಯಲುಸೀಮೆಯ ಮನೆಯನ್ನು ಇತ್ತ ಕಡೆಯವರಿಗೆ ತೆರೆದು ತೋರಿದರು.

ದಿನವಹಿ ಧಾರಾವಾಹಿಯ ಕೆಲಸ ಎಷ್ಟು ಕಠಿಣವೆಂಬುದನ್ನು ತಿಳಿಯದೆ ಈ ಸಾಧನೆಯನ್ನು ಅಳೆಯಲಾಗದು. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದು ಉಳಿಯುವುದು ಇಪ್ಪತ್ತೆರಡು ನಿಮಿಷಗಳಷ್ಟು ಕಥೆ; ವಾರಕ್ಕೆ ಐದು ಕಂತು ಎಂದರೆ ಹದಿನೈದು ದಿನ ತುಂಬುವ ಮೊದಲೇ ಒಂದು ಪೂರ್ಣ ಚಲನಚಿತ್ರಕ್ಕಿಂತ ಹೆಚ್ಚಿನ ಸಾಮಗ್ರಿಯನ್ನು ಚಿತ್ರೀಕರಿಸಿ, ಸಂಕಲಿಸಿ ಒಪ್ಪಿಸಬೇಕು. ಮಾತನ್ನು ಬಾಯಿಪಾಠ ಮಾಡಲು ಸಮಯವಿಲ್ಲದ್ದರಿಂದ ಕ್ಯಾಮೆರಾದ ಪಕ್ಕ ನಿಂತ ಸಹಾಯಕರು ಸಾಲುಸಾಲಾಗಿ ಹೇಳಿಕೊಡುವ, ಪ್ರಾಂಪ್ಟಿಂಗ್ ಎಂದು ಕರೆಯುವ ಪದ್ಧತಿ ಕನ್ನಡ ಕಿರುತೆರೆಯಲ್ಲಿ ಬಳಕೆಯಲ್ಲಿದೆ. ಬೇರೆ ಬೇರೆ ದಿನ ತೆಗೆದ ದೃಶ್ಯಗಳು ಒಂದಕ್ಕೊಂದು ಕೂಡುವಾಗ ಬಟ್ಟೆ, ಕುಂಕುಮ, ಬಳೆ, ಕೈಯಲ್ಲಿದ್ದ ಪಾತ್ರೆ ಒಂದೇ ಆಗಿರುವಂತೆ ನೋಡಿಕೊಳ್ಳುವ ಕಂಟಿನ್ಯೂಟಿ ಎಂಬ ಎಚ್ಚರ ಒಂದು ಕ್ಷಣ ತಪ್ಪಿದರೂ ಮನೆ ಸುಳ್ಳಾಗುತ್ತದೆ. ಈ ಅವಸರದಲ್ಲಿ ಮೊದಲು ನಷ್ಟವಾಗುವುದು ಪೋಷಕ ಪಾತ್ರಗಳ ಬಾಳು. ಅವು ಸುದ್ದಿ ತರುವುದಕ್ಕೂ ಬೆಚ್ಚಿಬೀಳುವುದಕ್ಕೂ ಮಾತ್ರ ಉಳಿಯುತ್ತವೆ. ‘ಮೂಡಲಮನೆ’ಯಲ್ಲಿಯೂ ಬಳಿಕ ‘ಮುತ್ತಿನ ತೋರಣ’ದಲ್ಲಿಯೂ ವೈಶಾಲಿಯವರು ಅಂಚಿನ ಪಾತ್ರಗಳಿಗೆ ಅವುಗಳದೇ ಕೆಲಸ, ಅವುಗಳದೇ ಹಟ, ಅವುಗಳದೇ ನಗುವನ್ನು ಉಳಿಸಿಕೊಟ್ಟರೆಂಬುದು ಅವರ ನಿರ್ದೇಶನದ ಬಲ. ತಾವೇ ವರ್ಷಗಟ್ಟಲೆ ಅಂಚಿನಲ್ಲಿ ನಿಂತು ನಟಿಸಿದವರಿಗೆ, ಅಲ್ಲಿಂದ ಮನೆ ಹೇಗೆ ಕಾಣುತ್ತದೆಂಬುದು ಗೊತ್ತಿತ್ತು.

ವೈಶಾಲಿಯವರು 2010ರ ಸೆಪ್ಟೆಂಬರ್ 27ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ಮಗ ಅಪೂರ್ವ ಕಾಸರವಳ್ಳಿ, ಮಗಳು ಅನನ್ಯಾ ಕಾಸರವಳ್ಳಿ ಇಬ್ಬರೂ ನಿರ್ದೇಶನಕ್ಕೆ ಬಂದರು. ಅನನ್ಯಾ ಅವರ ‘ಹರಿಕಥಾ ಪ್ರಸಂಗ’ (2016) ಯಕ್ಷಗಾನದಲ್ಲಿ ಸ್ತ್ರೀವೇಷ ಹಾಕುವ ಕಲಾವಿದನೊಬ್ಬನ ಕಥೆ. ಗಂಡಸರೇ ಸೀರೆಯುಟ್ಟು ಹೆಣ್ಣಾಗುವ ಸ್ತ್ರೀವೇಷದ ಪರಂಪರೆಯನ್ನು ಮೇಳಗಳ ಆಟಗಳಲ್ಲಿ ಕಂಡು ಬೆಳೆದ ಈ ತಾಲ್ಲೂಕುಗಳ ನೋಡುಗರಿಗೆ ಆ ವಸ್ತು ಹೊಸದಲ್ಲ; ಉಡುಪು ಮನುಷ್ಯನೊಳಗೆ ಏನನ್ನು ಬದಲಾಯಿಸುತ್ತದೆಂಬ ಪ್ರಶ್ನೆಯನ್ನು ವಸ್ತ್ರವಿನ್ಯಾಸಕಿಯೊಬ್ಬರ ಮಗಳು ಎತ್ತಿಕೊಂಡದ್ದರಲ್ಲಿ ಪರಂಪರೆಯ ಎಳೆಯೊಂದು ಕಾಣುತ್ತದೆ.

ವೈಶಾಲಿಯವರ ಕೆಲಸದ ಅಧ್ಯಯನಕ್ಕೆ ಇರುವ ದೊಡ್ಡ ತೊಡಕು ಸಾಮಗ್ರಿಯದು. ಮುದ್ರಿತ ಪುಸ್ತಕದ ಪ್ರತಿಗಳನ್ನು ನಿಗದಿತ ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂದು 1954ರ ಕಾಯಿದೆ ವಿಧಿಸುತ್ತದೆ. ಚಲನಚಿತ್ರಗಳ ಸಂರಕ್ಷಣೆಗೆ 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಸಂಗ್ರಹಾಲಯ ಸ್ಥಾಪನೆಯಾಯಿತು. ಆದರೆ ಧಾರಾವಾಹಿಯ ಕಂತುಗಳನ್ನು ಒಪ್ಪಿಸಬೇಕೆನ್ನುವ ಅಂಥ ಕಾಯಿದೆ ಇಲ್ಲ. ವಾಹಿನಿಗಳು ಕೈ ಬದಲಾಗುತ್ತವೆ, ಹೆಸರು ಬದಲಾಗುತ್ತವೆ. ಈಟಿವಿ ಕನ್ನಡವೇ 2015ರಲ್ಲಿ ಕಲರ್ಸ್ ಕನ್ನಡವಾಯಿತು. ಲಕ್ಷಾಂತರ ಜನ ದಿನವೂ ನೋಡಿದ ನೂರಾರು ಕಂತುಗಳ ಅಭಿನಯ ಹೀಗೆ ಟೇಪುಗಳ ಆಯುಷ್ಯವನ್ನು ಅವಲಂಬಿಸಿ ಉಳಿಯಬಾರದು. ಕರ್ನಾಟಕ ಚಲನಚಿತ್ರ ಅಕಾಡೆಮಿ ಮತ್ತು ವಿಶ್ವವಿದ್ಯಾಲಯಗಳು ವಾಹಿನಿಗಳೊಡನೆ ಒಪ್ಪಂದ ಮಾಡಿಕೊಂಡು ಕನ್ನಡದ ಮುಖ್ಯ ಧಾರಾವಾಹಿಗಳ ಪ್ರತಿಗಳನ್ನು ಅಧ್ಯಯನಕ್ಕೆ ದೊರಕಿಸಬೇಕು. ‘ಮಾಲ್ಗುಡಿ ಡೇಸ್’ ಚಿತ್ರೀಕರಣವನ್ನು ಕಣ್ಣಾರೆ ಕಂಡವರು ಆಗುಂಬೆಯಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಇನ್ನೂ ಇದ್ದಾರೆ. ಅವರಲ್ಲಿ ಹಲವರಿಗೆ ಈಗ ಎಪ್ಪತ್ತು ದಾಟಿದೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಕಾಲೇಜುಗಳ ಕನ್ನಡ ವಿಭಾಗಗಳು ಅವರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸವನ್ನು ಇದೇ ಶೈಕ್ಷಣಿಕ ವರ್ಷದಲ್ಲಿ ಕೈಗೊಳ್ಳಬಹುದು.